ಸಂಚಿಕೆ

'ಸಂಚಿಕೆ' ಎಂಬ ಶಬ್ದವನ್ನು ಕೋಣಂದೂರು ಸೀಮೆಯ ಅಡಿಕೆ ಬೆಳೆಗಾರನೆದುರು ಉಚ್ಚರಿಸಿದರೆ, ವೈಯಾಕರಣನು ಅದರಲ್ಲಿ ಕಾಣುವ, ಕೂಡಿಸುವುದೆಂಬ ಅರ್ಥದ ಸಂಸ್ಕೃತ ಧಾತುವಿಗಿಂತ ಮೊದಲು ತನ್ನ ಎಲೆಯಡಿಕೆಯ ಸಂಚಿಯೇ ಅವನ ನೆನಪಿಗೆ ಬರುವುದು ಸಹಜ. ಶಬ್ದಶಾಸ್ತ್ರವು ಈ ನಂಟನ್ನು ಒಪ್ಪಲಿ, ಬಿಡಲಿ, ನನಗದು ಪ್ರಿಯವಾದುದು. ಆ ಬಟ್ಟೆಯ ಸಂಚಿಯ ಒಂದು ಪದರದಲ್ಲಿ ವೀಳ್ಯದೆಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ. ನೆರೆಯದರ ವಾಸನೆ ಹತ್ತಿದರೂ ಯಾವುದೂ ತನ್ನ ಗುಣವನ್ನು ಬಿಡದು. ಚಿಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ'ವನ್ನು ರಚಿಸಿದ ಹೊನ್ನಮ್ಮನು ಈ ಪದವನ್ನು ತನ್ನ ಹೆಸರಿನೊಡನೆ ಸಾಹಿತ್ಯಚರಿತ್ರೆಯಲ್ಲಿಯೇ ನೆಲೆಗೊಳಿಸಿದಳು.

ಈಚೆಗೆ ದೂರದರ್ಶನ ಧಾರಾವಾಹಿಯ ದಿನದಿನದ ಭಾಗಕ್ಕೂ ಸಂಚಿಕೆಯೆನ್ನುತ್ತಾರೆ. ಕೂಡಿಸುವುದಕ್ಕೆ ಅಲ್ಲಿ ನಾನಾ ವಸ್ತುಗಳಿಲ್ಲವಾದುದರಿಂದ 'ಕಂತು' ಎಂಬ ಮಾತೇ ಅದಕ್ಕೆ ಸಾಕೆಂದು ನನ್ನ ಅಭಿಮತ. 1956ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ 'ಕಸ್ತೂರಿ' ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ತೆರೆದು ನೋಡಿ: ವಿಜ್ಞಾನ, ಪ್ರವಾಸ, ಹಾಸ್ಯ, ಕಡೆಯಲ್ಲಿ ಇಡಿಯ ಗ್ರಂಥವೊಂದರ ಸಂಗ್ರಹ, ಇವುಗಳ ನಡುವೆ ಪಾ. ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ'. ಪದಗಳ ಕುಲಗೋತ್ರವನ್ನು ತಾನಾಗಿ ಎಂದೂ ಅರಸದ ಓದುಗನೊಬ್ಬನು, ಬೇರೇನನ್ನೋ ಓದಲು ಪುಟ ಮಗುಚುತ್ತ, ಆ ಅಂಕಣಕ್ಕೆ ಸಿಕ್ಕಿಬೀಳುತ್ತಿದ್ದನು. ಸಂಚಿಕೆಯ ಮಹತ್ತ್ವವಿರುವುದು ಈ ಅನಪೇಕ್ಷಿತ ಭೇಟಿಯಲ್ಲಿಯೇ. ಗ್ರಂಥವನ್ನಾದರೋ ನಾವು ಹುಡುಕಿಕೊಂಡು ಹೋಗುತ್ತೇವೆ.

ಒಂದೇ ವಸ್ತುವಿಗೆ ಬದ್ಧವಾದ ಪತ್ರಿಕೆಗಳಿಗೂ ಅವುಗಳದೇ ಆದ ತೇಜಸ್ಸುಂಟು. ಗೋಪಾಲಕೃಷ್ಣ ಅಡಿಗರ 'ಸಾಕ್ಷಿ'ಯನ್ನು ಕೆ. ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನವು ನಮ್ಮ ಪಕ್ಕದ ಸಾಗರದಿಂದ ಹೊರತಂದಿತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಅನಂತಮೂರ್ತಿಯವರು 1981ರಲ್ಲಿ 'ರುಜುವಾತು' ಆರಂಭಿಸಿದರು. ಗಂಭೀರವಾದ ವಾಗ್ವಾದಕ್ಕೆ ರಾಜಧಾನಿಯೇ ಬೇಕೆಂಬುದಿಲ್ಲವೆಂದು ಮಲೆನಾಡು ಹೀಗೆ ತೋರಿಸಿಕೊಟ್ಟಿತು.

ನಮ್ಮ ಮನೆಗಳ ಹೆಂಗಸರು ವಾರಪತ್ರಿಕೆಯ ಧಾರಾವಾಹಿ ಕಾದಂಬರಿಯ ಹಾಳೆಗಳನ್ನು ವಾರವಾರವೂ ಬಿಡಿಸಿಟ್ಟು, ಮುಗಿದ ಮೇಲೆ ದಪ್ಪ ದಾರದಿಂದ ಹೊಲಿದು, ಮಳೆಗಾಲದ ಥಂಡಿ ತಾಗದಂತೆ ಒಲೆಯ ಮೇಲಣ ಅಟ್ಟದಲ್ಲಿಡುತ್ತಿದ್ದರು. ಅಂಥ ಹೊಲಿಗೆಯ ಪುಸ್ತಕದಲ್ಲಿ ಕಥೆ ತೀರಿದ ಹಾಳೆಯ ಹಿಂಬದಿಗೆ ಅರ್ಧ ಪದಬಂಧವೋ, ಜೇನುಸಾಕಣೆಯ ಲೇಖನದ ನಡುಭಾಗವೋ ಉಳಿದಿರುತ್ತದೆ. ಕಾದಂಬರಿ ಆಮೇಲೆ ಅಚ್ಚಾಗಿ ಅಂಗಡಿಗೆ ಬಂದಿರಬಹುದು; ಜೇನುಸಾಕಣೆಯ ಆ ಲೇಖನವು ಮಾತ್ರ ಬೇರೆಲ್ಲಿಯೂ ದೊರೆಯಲಾರದು. ಗ್ರಂಥಾಲಯಗಳು ಹಳೆಯ ಪತ್ರಿಕೆಗಳಿಗೆ ರಟ್ಟು ಕಟ್ಟಿಸುವಾಗ ಮುಖಪುಟ, ಜಾಹೀರಾತು, ವಾಚಕರ ಪತ್ರ ಯಾವುದನ್ನೂ ಕಿತ್ತೊಗೆಯದೆ ಇಡಿಯ ಸಂಚಿಕೆಯನ್ನೇ ಕಾಪಿಡಬೇಕೆಂದು ನಾನು ಆಗ್ರಹಪೂರ್ವಕವಾಗಿ ಕೇಳುವುದು ಇದಕ್ಕಾಗಿಯೇ.