ರಾಯಚೂರಿನ ಕುದುರೆಯೂ ತಾಯಿಯ ತಂದೆಯೂ



ರಾಯಚೂರಿನ ಹೆಸರನ್ನು ಕೇಳಿದೊಡನೆ ಚರಿತ್ರೆಯನ್ನು ಓದಿದವರಿಗೆ 1520ರ ಕಾಳಗವು ನೆನಪಿಗೆ ಬರುತ್ತದೆ. ಉತ್ತರಕ್ಕೆ ಕೃಷ್ಣಾನದಿ, ದಕ್ಷಿಣಕ್ಕೆ ತುಂಗಭದ್ರೆ; ಇವೆರಡರ ನಡುವಣ ಸೀಮೆಯೇ ರಾಯಚೂರು ದೋಆಬ್. ಕೃಷ್ಣೆಯ ಮಗ್ಗುಲಿಗೆ ದೇವದುರ್ಗ, ತುಂಗಭದ್ರೆಯ ಮಗ್ಗುಲಿಗೆ ಮಾನ್ವಿ, ಪೂರ್ವದಲ್ಲಿ 1294ರ ಶಾಸನವನ್ನು ಹೊತ್ತ ಕೋಟೆಯ ರಾಯಚೂರು. ಈ ನೆಲಕ್ಕಾಗಿ ವಿಜಯನಗರದವರು ಮೊದಲು ಬಹಮನಿಯವರೊಡನೆಯೂ ಅನಂತರ ಬಿಜಾಪುರದವರೊಡನೆಯೂ ತಲೆತಲಾಂತರಗಳ ಕಾಲ ಹೋರಾಡಿದರು. ಆ ಹೋರಾಟಗಳ ರಾಜಕೀಯವನ್ನು ವಿವರಿಸುವುದು ಈ ಭಾಷಣದ ಉದ್ದೇಶವಲ್ಲ. ಆ ಯುದ್ಧಗಳಲ್ಲಿ ಓಡಿದ ಕುದುರೆಗಳ ವಿಷಯವಾಗಿ, ಅದರಲ್ಲಿಯೂ ಅವುಗಳ ತಾಯಂದಿರ ವಿಷಯವಾಗಿ, ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಒಂದು ಗಂಡುಕುದುರೆಯು ಒಳ್ಳೆಯ ತಾಯಿಕುದುರೆಗಳಿಗೆ ತಂದೆಯಾಗಬಲ್ಲುದೇ ಎಂಬುದನ್ನು ತಿಳಿಯುವ ಬಗೆ ಯಾವುದು? ಇದು ಇಂದು ಜೂಜುಕುದುರೆಗಳನ್ನು ಬೆಳೆಸುವವರ ಪ್ರಶ್ನೆ. ಈ ಪ್ರಶ್ನೆಯನ್ನೇ ಕೇಳದೆ ಇದ್ದ ರಾಜ್ಯಗಳು ಎಷ್ಟು ಹೊನ್ನನ್ನು ತೆತ್ತವೆಂಬುದಕ್ಕೆ ದೋಆಬಿನ ಚರಿತ್ರೆಯೇ ಸಾಕ್ಷಿಯಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ದೇವದುರ್ಗಕ್ಕೆ ಹೋಗಿದ್ದೆವು. ದಾರಿಯ ಹಳ್ಳಿಯೊಂದರಲ್ಲಿ ಒಬ್ಬ ವೃದ್ಧ ರೈತನು ಹೋರಿಗರುವೊಂದನ್ನು ಕೊಳ್ಳಲು ಚೌಕಾಶಿ ಮಾಡುತ್ತಿದ್ದನು. ಕರುವಿನ ಕಾಲು, ಗೊರಸು, ಸುಳಿ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಅವನು, “ಇದರ ಅವ್ವನ್ನ ತೋರಸ್ರಿ” ಎಂದನು. ಮಾರುವವನು ಬೀಜದ ಹೋರಿಯ ಹಿರಿಮೆಯನ್ನೇ ಹೇಳುತ್ತಿದ್ದನು. ನಮ್ಮ ವಿದ್ಯಾರ್ಥಿಯೊಬ್ಬನು, “ಯಾಕ್ರಿ ಅಜ್ಜಾರ, ಹೋರಿ ಬಿಟ್ಟು ಆಕಳನ್ಯಾಕ ಕೇಳ್ತೀರಿ?” ಎಂದು ಕೇಳಿದನು. ಅದಕ್ಕೆ ಆ ವೃದ್ಧನು, “ಹೋರಿ ಒಂದಿನ ಬಂದು ಹೋಗ್ತದ, ತಮ್ಮಾ. ಹಾಲು ಕುಡಿಸಾಕಿ ಅವ್ವ. ಆ ಅವ್ವನ ಅಪ್ಪ ಯಾವ ಹೋರಿ ಅಂತನೂ ಕೇಳ್ಬೇಕು” ಎಂದುತ್ತರ ಕೊಟ್ಟನು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವಷ್ಟೆ. ಆ ರೈತನು ಗಾದೆಗಿಂತ ಒಂದು ಹೆಜ್ಜೆ ಮುಂದಕ್ಕೆ ಹೋಗಿ ತಾಯಿಯ ತಂದೆಯನ್ನು, ಎಂದರೆ ಮಾತಾಮಹನನ್ನು ವಿಚಾರಿಸಿದನು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಬರಹಗಳನ್ನು ನೋಡೋಣ.

ರಾಯಚೂರಿನ ಕೋಟೆಯ ಶಾಸನವನ್ನು ಕಡೆದ ದಶಕದಲ್ಲಿಯೇ ವೆನಿಸ್ಸಿನ ಮಾರ್ಕೊ ಪೋಲೊ ದಕ್ಷಿಣದ ಕರಾವಳಿಯನ್ನು ಹಾದುಹೋದನು. ತಮಿಳು ಸೀಮೆಯ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕಡಲಾಚೆಯಿಂದ ಕೊಳ್ಳುತ್ತಿದ್ದರೆಂದೂ, ಆರೈಕೆಯನ್ನು ಬಲ್ಲವರಿಲ್ಲದೆ ಅವುಗಳಲ್ಲಿ ಬಹುಪಾಲು ಸತ್ತುಹೋಗುತ್ತಿದ್ದವೆಂದೂ ಅವನು ಬರೆದಿದ್ದಾನೆ. ದೊಡ್ಡ ಹೆಣ್ಣುಕುದುರೆಗೆ ಉತ್ತಮ ಗಂಡುಕುದುರೆಯನ್ನು ಕೂಡಿಸಿದರೂ ಆ ದೇಶದಲ್ಲಿ ಸೊಟ್ಟಗಾಲಿನ ಕೆಲಸಕ್ಕೆ ಬಾರದ ಮರಿಯೇ ಹುಟ್ಟುವುದೆಂಬುದು ಅವನ ಮತ. 1470ರ ಸುಮಾರಿಗೆ ಬಹಮನೀ ರಾಜ್ಯಕ್ಕೆ ಬಂದ ರಷ್ಯದ ವರ್ತಕ ನಿಕಿಟಿನ್ ತಾನೇ ಒಂದು ಗಂಡುಕುದುರೆಯನ್ನು ಮಾರಾಟಕ್ಕೆಂದು ಹಡಗಿನಲ್ಲಿ ತಂದಿದ್ದನು. ಇಂದಿನ ಕಲಬುರಗಿ ಜಿಲ್ಲೆಯ ಆಳಂದದ ಜಾತ್ರೆಗೆ 20,000 ಕುದುರೆಗಳವರೆಗೆ ಮಾರಾಟಕ್ಕೆ ಬರುತ್ತಿದ್ದವೆಂದು ಅವನು ಹೇಳುತ್ತಾನೆ. ಈ ನಾಡಿನಲ್ಲಿ ಎತ್ತುಗಳೂ ಎಮ್ಮೆಗಳೂ ಹುಟ್ಟುತ್ತವೆ, ಕುದುರೆಗಳು ಹುಟ್ಟುವುದಿಲ್ಲ ಎಂಬ ಮಾತೂ ಅವನ ಬರಹದಲ್ಲಿದೆ.

ವಿಜಯನಗರದಲ್ಲಿ ಕೆಲವು ಕಾಲ ಇದ್ದ ಪೋರ್ತುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೊಡುವ ವಿವರಗಳು ಇನ್ನೂ ಸ್ಪಷ್ಟವಾಗಿವೆ. ಸಾಳುವ ನರಸಿಂಹನು ಮೂರು ಕುದುರೆಗಳಿಗೆ 1,000 ಪರ್ದಾವ್, ಎಂದರೆ ಅಷ್ಟು ಹೊನ್ನಿನ ನಾಣ್ಯ, ಕೊಡುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಯ ಬೆಲೆಯೇ ಸಲ್ಲುತ್ತಿದ್ದಿತು. ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಂಡು, ಉತ್ತಮವಾದವುಗಳನ್ನು ತನ್ನ ಲಾಯಕ್ಕೆ ಇರಿಸಿಕೊಂಡು, ನಾಡಕುದುರೆಗಳನ್ನು ಐದಕ್ಕೆ 1,000 ಪರ್ದಾವಿನಂತೆ ನಾಯಕರಿಗೆ ಮಾರುತ್ತಿದ್ದನು. ಬಂದ ಹಣವು ಪೋರ್ತುಗೀಸರಿಂದ ಅರಬ್ಬೀ ಕುದುರೆಗಳನ್ನು ಕೊಳ್ಳಲು ಹೋಗುತ್ತಿದ್ದಿತು. ರಾಯಚೂರಿನ ಯುದ್ಧದ ನೆಪವೂ ಕುದುರೆಯೇ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು ಕೊಟ್ಟ 40,000 ಪರ್ದಾವುಗಳೊಡನೆ ಸಿದಿ ಮರ್ಕಾರನೆಂಬುವನು ಆದಿಲಶಾಹನ ಆಶ್ರಯಕ್ಕೆ ಓಡಿಹೋದನೆಂದು ನೂನಿಜ್ ಬರೆಯುತ್ತಾನೆ. ಮುತ್ತಿಗೆಯಲ್ಲಿ ಕೋವಿಗಳೊಡನೆ ರಾಯನಿಗೆ ನೆರವಾದ ಕ್ರಿಸ್ತೊವಾಂವ್ ದ ಫಿಗೆರೆದೊ ಕುದುರೆಗಳೊಡನೆ ರಾಜಧಾನಿಗೆ ಬಂದಿದ್ದವನು. ಗೆದ್ದ ರಾಯನ ಕೈಸೇರಿದ ಕೊಳ್ಳೆಯಲ್ಲಿ 4,000 ಹೊರ್ಮುಜ್ ಕುದುರೆಗಳಿದ್ದವು.

ಇಷ್ಟೆಲ್ಲ ಲೆಕ್ಕಗಳ ನಡುವೆ ಇಲ್ಲದಿರುವುದು ಯಾವುದು? ಹೆಣ್ಣುಕುದುರೆಯ ಲೆಕ್ಕ. ಅರಬ್ಬೀ ಮರುಭೂಮಿಯ ಬೆದೂಯಿನರು ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಿದ್ದರು. ಒಳ್ಳೆಯ ಹೆಣ್ಣುಕುದುರೆಯನ್ನು ಸುಲಭವಾಗಿ ಮಾರುತ್ತಿರಲಿಲ್ಲ. ನಮ್ಮವರಲ್ಲಿ ಅಶ್ವವಿದ್ಯೆಗೆ ಕೊರತೆಯಿರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಚಾರವು ವಿಸ್ತಾರವಾಗಿ ಬಂದಿದೆ. 1400ರ ಸುಮಾರಿನ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ಬಣ್ಣ, ಸುಳಿ, ನಡಗೆ, ರೋಗ, ಔಷಧ ಇವೆಲ್ಲವುಗಳ ಜ್ಞಾನವಿದ್ದಿತು. ಆದರೆ ಲಕ್ಷಣಪರೀಕ್ಷೆಯು ಕಣ್ಣೆದುರಿಗೆ ನಿಂತ ಕುದುರೆಯ ಪರೀಕ್ಷೆ. ಅದರ ಮಗಳ ಹೊಟ್ಟೆಯಲ್ಲಿ ಏನು ಹುಟ್ಟೀತೆಂಬುದು ಸುಳಿಯಲ್ಲಿ ಕಾಣದು; ಅದಕ್ಕೆ ತಲೆಮಾರುಗಳ ದಾಖಲೆ ಬೇಕು.

ಆ ದಾಖಲೆಯನ್ನು ಮಾಡಿದವರು ಇಂಗ್ಲೆಂಡಿನವರು. 17ನೆಯ ಶತಮಾನದ ಕೊನೆಯಲ್ಲಿಯೂ 18ನೆಯ ಶತಮಾನದ ಮೊದಲಿನಲ್ಲಿಯೂ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್ ಎಂಬ ಪೂರ್ವದೇಶದ ಮೂರು ಗಂಡುಕುದುರೆಗಳು ಅಲ್ಲಿಗೆ ಹೋದವು. ನಮ್ಮ ಅರಸರಂತೆ ಅವರೂ ಹೊರಗಿನಿಂದ ಗಂಡುಕುದುರೆಗಳನ್ನು ತಂದರು ಸರಿ. ಆದರೆ ಅವುಗಳನ್ನು ತಮ್ಮಲ್ಲಿದ್ದ ಹೆಣ್ಣುಕುದುರೆಗಳಿಗೆ ಕೂಡಿಸಿ, ಹುಟ್ಟಿದ ಮರಿಯ ತಾಯಿತಂದೆಗಳನ್ನು ಬರೆದಿಟ್ಟರು. 1791ರಲ್ಲಿ ಅವರ ವಂಶಗ್ರಂಥವು ಮೊದಲಬಾರಿಗೆ ಅಚ್ಚಾಯಿತು. ಹೀಗೆ ಥರೋಬ್ರೆಡ್ ಎಂಬ ತಳಿಯು ನೆಲೆಗೊಂಡಿತು. 1895ರಲ್ಲಿ ಬ್ರೂಸ್ ಲೋ ಎಂಬಾತನ ಪುಸ್ತಕವು ಅದೇ ವಂಶಗ್ರಂಥದ ಆಧಾರದಿಂದ ತಾಯಿಯ ಕಡೆಯ 43 ಮನೆತನಗಳಿಗೆ ಅಂಕಿಗಳನ್ನು ಕೊಟ್ಟಿತು. ಅವನ ಸಿದ್ಧಾಂತದ ಬಹುಭಾಗವನ್ನು ಮುಂದಿನವರು ಒಪ್ಪಲಿಲ್ಲವಾದರೂ ಅಂಕಿಗಳು ಬಳಕೆಯಲ್ಲಿ ಉಳಿದುಕೊಂಡವು.

ಮಾತಾಮಹನ ಪರೀಕ್ಷೆಯಲ್ಲಿ ಮೊದಲನೆಯ ಕಷ್ಟವು ಕಾಲದ್ದು. ಕುದುರೆಯ ಗರ್ಭಕಾಲ ಸುಮಾರು 11 ತಿಂಗಳು. ಇಂದು ಒಂದು ಗಂಡುಕುದುರೆಯನ್ನು ಬೀಜಕ್ಕೆ ಬಿಟ್ಟರೆ ಮಗಳು ಹುಟ್ಟುವುದು ಮರುವರ್ಷ. ಅವಳು ಓಟವನ್ನು ಮುಗಿಸಿ, ಗರ್ಭ ಧರಿಸಿ, ಮರಿ ಹಾಕುವ ಹೊತ್ತಿಗೆ ಇನ್ನೂ ಐದಾರು ವರ್ಷ. ಆ ಮರಿಯು ಮೂರು ವರ್ಷದ್ದಾಗಿ ದೊಡ್ಡ ಪಂದ್ಯದಲ್ಲಿ ಓಡುವ ಹೊತ್ತಿಗೆ ಮತ್ತೆ ಮೂರು ವರ್ಷ. ಮೊದಲ ಸಾಕ್ಷ್ಯವು ದೊರೆಯುವುದಕ್ಕೇ ಹತ್ತು ವರ್ಷಗಳು ಬೇಕೆಂದಾಯಿತು. ನಂಬಬಹುದಾದಷ್ಟು ಸಾಕ್ಷ್ಯವು ಕೂಡಲು ಹದಿನೈದು ವರ್ಷಗಳೂ ಹೆಚ್ಚಲ್ಲ. ಅಷ್ಟರಲ್ಲಿ ಬೀಜದ ಕುದುರೆಯು ಮುದಿಯಾಗಿರುತ್ತದೆ, ಇಲ್ಲವೆ ಸತ್ತಿರುತ್ತದೆ.

ಅಮೆರಿಕದ ಎರಡು ಕುದುರೆಗಳ ಕಥೆಯಿಂದ ಇದು ಮನದಟ್ಟಾಗುತ್ತದೆ. 1940ರಲ್ಲಿ ಹುಟ್ಟಿದ ಪ್ರಿನ್ಸ್‌ಕ್ವಿಲೊ ಎಂಬುದು ಮೊದಮೊದಲು ಅಗ್ಗದ ಪಂದ್ಯಗಳಲ್ಲಿ ಓಡಿದ ಕುದುರೆ. ಅದು 1964ರಲ್ಲಿ ಸತ್ತಿತು. 1966ರಿಂದ 1976ರವರೆಗೆ ಎಂಟು ಬಾರಿ ಉತ್ತರ ಅಮೆರಿಕದ ಮಾತಾಮಹರ ಪಟ್ಟಿಯಲ್ಲಿ ಅಗ್ರಸ್ಥಾನವು ಅದಕ್ಕೇ ದೊರೆಯಿತು. ಅದರ ಮಗಳ ಮಗನೇ ಸೆಕ್ರೆಟೇರಿಯಟ್. 1973ರಲ್ಲಿ ಬೆಲ್ಮಾಂಟ್ ಪಂದ್ಯವನ್ನು 31 ಕುದುರೆಯುದ್ದಗಳ ಅಂತರದಿಂದ ಗೆದ್ದ ಈ ಕುದುರೆಯ ಬೀಜದ ಹಕ್ಕನ್ನು ಆ ವರ್ಷವೇ 60 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಪಾಲುಗಳಾಗಿ ಮಾರಿದ್ದರು. ಅದಕ್ಕೆ ಹೆಸರಾಂತ ಮಕ್ಕಳು ಹುಟ್ಟಿದುದು ನಿಜ. ಆದರೂ ತನಗೆ ಸಮನಾದ ಬೀಜದ ಕುದುರೆಯೊಂದನ್ನು ಅದು ಮಗನ ರೂಪದಲ್ಲಿ ಬಿಟ್ಟುಹೋಗಲಿಲ್ಲವೆಂದು ಜನರು ನಿರಾಶೆಪಟ್ಟರು. ಅದು ಸತ್ತುದು 1989ರಲ್ಲಿ. ಮೂರು ವರ್ಷಗಳ ಅನಂತರ, 1992ರಲ್ಲಿ, ಅದರ ಮಗಳ ಮಗ ಎ. ಪಿ. ಇಂಡಿ ಅದೇ ಬೆಲ್ಮಾಂಟನ್ನು ಗೆದ್ದಿತು. ಆ ವರ್ಷದ ಅಗ್ರಗಣ್ಯ ಮಾತಾಮಹನೆಂಬ ಪದವಿಯು ಸತ್ತ ಕುದುರೆಗೆ ಸಂದಿತು. ಮುಂದೆ ಬಹು ಪ್ರಸಿದ್ಧವಾದ ಸ್ಟಾರ್ಮ್ ಕ್ಯಾಟ್, ಗಾನ್ ವೆಸ್ಟ್ ಎಂಬ ಬೀಜದ ಕುದುರೆಗಳೂ ಅದರ ಹೆಣ್ಣುಮಕ್ಕಳ ಮಕ್ಕಳೇ.

ಹಾಗಾದರೆ ಬದುಕಿರುವ ಕುದುರೆಯನ್ನು ಪರೀಕ್ಷಿಸುವುದು ಹೇಗೆ? ಗೆದ್ದ ಮೊಮ್ಮಕ್ಕಳ ಸಂಖ್ಯೆಯನ್ನು ಮಾತ್ರ ಎಣಿಸಿದರೆ ಸಾಲದು. ನೂರು ಮಕ್ಕಳಲ್ಲಿ ಐದು ಗೆಲ್ಲುವುದಕ್ಕೂ ಇಪ್ಪತ್ತು ಮಕ್ಕಳಲ್ಲಿ ಐದು ಗೆಲ್ಲುವುದಕ್ಕೂ ವ್ಯತ್ಯಾಸವಿದೆ. ಹೆಸರುವಾಸಿ ಕುದುರೆಯ ಹೆಣ್ಣುಮಕ್ಕಳು ಸಿರಿವಂತರ ಲಾಯಗಳಿಗೆ ಹೋಗಿ ಅತ್ಯುತ್ತಮವಾದ ಗಂಡುಕುದುರೆಗಳನ್ನೇ ಕೂಡುತ್ತಾರೆ. ಆದುದರಿಂದ ಅದೇ ಗಂಡುಕುದುರೆಗಳು ಬೇರೆ ತಾಯಂದಿರಲ್ಲಿ ಪಡೆದ ಮಕ್ಕಳೊಡನೆ ಈ ಮಕ್ಕಳನ್ನು ಹೋಲಿಸಬೇಕು. ಹೋಲಿಕೆಯಲ್ಲಿ ಉಳಿಯುವ ಹೆಚ್ಚಳವಷ್ಟೇ ತಾಯಿಯ ಕಡೆಗೆ ಸಲ್ಲತಕ್ಕುದು. ಓಟದಲ್ಲಿ ಸಾಧಾರಣವಾಗಿದ್ದ ಹೆಣ್ಣುಮಕ್ಕಳೂ ಒಳ್ಳೆಯ ಮರಿಗಳನ್ನು ಹಡೆದರೆ ಅದು ಬಲವಾದ ಪ್ರಮಾಣ. ವರ್ಷವರ್ಷವೂ ಗರ್ಭ ನಿಲ್ಲುವುದು, ಹಾಲು ಸಮೃದ್ಧವಾಗಿರುವುದು, ಕಾಲುಗಳು ಗಟ್ಟಿಯಾಗಿರುವುದು, ಸ್ವಭಾವವು ಶಾಂತವಾಗಿರುವುದು ಇವು ಪಂದ್ಯದ ಬಯಲಿನಲ್ಲಿ ಕಾಣದ ಗುಣಗಳು. ತಾಯ್ತನದಲ್ಲಿ ಇವುಗಳ ಬೆಲೆಯೇ ದೊಡ್ಡದು. ಮೊಮ್ಮಕ್ಕಳಿಲ್ಲದ ಎಳೆಯ ಕುದುರೆಯಾದರೆ ಅದರ ತಾಯಿಯನ್ನೂ ತಾಯಿಯ ತಂದೆಯನ್ನೂ ನೋಡಿ ಊಹೆ ಮಾಡಬೇಕು. ಆ ಊಹೆಯನ್ನು ಊಹೆಯೆಂದೇ ಹೇಳಬೇಕು.

ವಿಜ್ಞಾನವು ಇಲ್ಲಿ ಒಂದು ಸುಳುಹನ್ನು ಕೊಡುತ್ತದೆ. ಕುದುರೆಗೆ 64 ವರ್ಣತಂತುಗಳು. ತಂದೆಯ ಎಕ್ಸ್ ಎಂಬ ವರ್ಣತಂತು ಹೆಣ್ಣುಮಕ್ಕಳೆಲ್ಲರಿಗೂ ಹೋಗುತ್ತದೆ, ಗಂಡುಮಕ್ಕಳಿಗೆ ಹೋಗುವುದಿಲ್ಲ. ಆದುದರಿಂದ ಗಂಡುಕುದುರೆಯ ಕೆಲವು ಗುಣಗಳು ಮಗನಲ್ಲಿ ತಪ್ಪಿ, ಮಗಳ ಮೂಲಕ ಮೊಮ್ಮಗನಲ್ಲಿ ತೋರಬಹುದು. ದೊಡ್ಡ ಹೃದಯವು ಹೀಗೆಯೇ ಇಳಿದುಬರುತ್ತದೆಂದು ಕೆಲವರು ವಾದಿಸಿದ್ದಾರೆ. ಸೆಕ್ರೆಟೇರಿಯಟ್ಟಿನ ಹೃದಯವು 22 ಪೌಂಡು ಇದ್ದಿತೆಂಬ ಮಾತು ಪ್ರಚಾರದಲ್ಲಿದೆ. ಆದರೆ ಅದನ್ನು ತೂಗಿರಲಿಲ್ಲ, ಅದು ನೋಡಿದ ವೈದ್ಯರ ಅಂದಾಜು. ಓಟದ ಶಕ್ತಿಯು ಅನೇಕ ವರ್ಣತಂತುಗಳಲ್ಲಿ ಹಂಚಿಕೊಂಡಿದೆ. ಯಾವ ದೂರದ ಓಟಕ್ಕೆ ಕುದುರೆಯು ತಕ್ಕುದೆಂಬುದನ್ನು ಬಹುಮಟ್ಟಿಗೆ ಸೂಚಿಸುವ, 2010ರಲ್ಲಿ ಪ್ರಕಟವಾದ ಅಂಶವು 18ನೆಯ ವರ್ಣತಂತುವಿನಲ್ಲಿದೆ, ಎಕ್ಸಿನಲ್ಲಲ್ಲ. ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸುವ ಆತುರವು ಚರಿತ್ರೆಯಲ್ಲಿ ಹೇಗೋ ತಳಿಶಾಸ್ತ್ರದಲ್ಲಿಯೂ ಹಾಗೆಯೇ ಅಪಾಯಕರ.

ಇನ್ನು ದೋಆಬಿಗೆ ಹಿಂದಿರುಗೋಣ. ಈ ನಾಡಿನಲ್ಲಿ ಒಳ್ಳೆಯ ಕುದುರೆ ಹುಟ್ಟದೆಂದ ಪ್ರವಾಸಿಗಳ ಮಾತು ನಿಜವೇ? ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುವ ಭೀಮೆಯ ಮೇಲುದಂಡೆಗಳಲ್ಲಿ ಭೀಮಥಡಿ ಎಂಬ ತಳಿಯು ಬೆಳೆದು ಮರಾಠರ ಸವಾರರನ್ನು ದೂರದೂರಕ್ಕೆ ಹೊತ್ತಿತು. ದಕ್ಷಿಣದಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದ ನೆನಪನ್ನು ಹೊತ್ತ ಕುಣಿಗಲ್ಲಿನ ಕುದುರೆ ಫಾರಂ ಮೊದಲು ಸೈನ್ಯದ ಕುದುರೆಗಳಿಗೂ ಆಮೇಲೆ ಥರೋಬ್ರೆಡ್‌ಗಳಿಗೂ ಹೆಸರಾಯಿತು. 1992ರಲ್ಲಿ ಸರಕಾರವು ಅದನ್ನು 30 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟಿತು. ದನಗಳಲ್ಲಿಯಂತೂ ಮೈಸೂರಿನ ಅರಸರು ಆಕಳುಗಳಿಂದಲೇ ಮೊದಲುಮಾಡಿದರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ಮಂದೆಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಗಿ ಫಿರಂಗಿಗಳನ್ನೆಳೆಯುವ ಎತ್ತುಗಳನ್ನು ಕೊಟ್ಟಿತು. ಆದುದರಿಂದ ದೋಷವನ್ನು ನೆಲದ ಮೇಲೆ ಹೊರಿಸುವುದು ನ್ಯಾಯವಲ್ಲ. ತಾಯಿಕುದುರೆಗಳನ್ನು ಕೂಡಿಹಾಕಿ, ಮೇವನ್ನು ಒದಗಿಸಿ, ಹುಟ್ಟಿದುದನ್ನೆಲ್ಲ ಬರೆದಿಟ್ಟು ಮೂವತ್ತು ವರ್ಷ ಕಾಯುವ ವ್ಯವಸ್ಥೆಯು ಗಡಿಯ ಯುದ್ಧಗಳ ನಡುವೆ ಬೆಳೆಯಲಿಲ್ಲ. ಮುಂದಿನ ಬೇಸಗೆಯಲ್ಲಿಯೇ ದಂಡು ಹೊರಡಬೇಕಾದ ಅರಸನಿಗೆ ಹಡಗಿನಿಂದಿಳಿದ ಕುದುರೆಯೇ ಬೇಕಾಗಿದ್ದಿತು. ಅದು ಸತ್ತರೆ ಮತ್ತೊಂದು. ಅದಕ್ಕೆ ಮತ್ತೆ ಹೊನ್ನು. ಆ ಹೊನ್ನು ಕೊನೆಗೆ ಬರುತ್ತಿದ್ದುದು ದೇವದುರ್ಗ ಮಾನ್ವಿಗಳಂತಹ ಸೀಮೆಗಳ ಒಕ್ಕಲುಗಳಿಂದಲೇ ಅಲ್ಲವೆ?

ರಾಯಚೂರಿನ ಕೋಟೆಯನ್ನು ನೋಡಲು ಹೋಗುವ ಶ್ರೋತೃಗಳು ಆ ಉದ್ದನೆಯ ಶಾಸನಶಿಲೆಯ ಮುಂದೆ ನಿಂತಾಗ, ಈ ಕೋಟೆಗಾಗಿ 1520ರಲ್ಲಿ ಬಿದ್ದ ಹೆಸರಿಲ್ಲದ ಸಾವಿರಾರು ಕುದುರೆಗಳನ್ನು ಒಮ್ಮೆ ನೆನೆಯಬೇಕೆಂದು ಕೋರುತ್ತೇವೆ. ಅವುಗಳ ಬೆಲೆಯನ್ನು ವ್ಯಾಪಾರಿಯು ಬರೆದಿಟ್ಟನು. ಅವುಗಳ ತಾಯಿಯನ್ನು ಯಾರೂ ಬರೆದಿಡಲಿಲ್ಲ. ದೇವದುರ್ಗದ ದಾರಿಯ ಆ ವೃದ್ಧ ರೈತನು ಅಂದು ಆಕಳನ್ನು ನೋಡಿ, ಅದರ ತಂದೆಯನ್ನು ವಿಚಾರಿಸಿ, ತೃಪ್ತನಾದ ಮೇಲೆಯೇ ಸೊಂಟದ ಚೀಲವನ್ನು ಬಿಚ್ಚಿದನೆಂಬುದನ್ನು ಹೇಳಿ ಈ ಭಾಷಣವನ್ನು ಮುಗಿಸುತ್ತೇವೆ.