ಅಹ್ಮದ್ ಅಬ್ದುಲ್-ಮಲಿಕ್‌ರ ಊದ್

ಜಾಝ್ ಎಂದರೆ ನಮಗೆ ನೆನಪಾಗುವುದು ಸ್ಯಾಕ್ಸೊಫೋನ್, ಟ್ರಂಪೆಟ್, ಪಿಯಾನೊ. ಇವುಗಳ ನಡುವೆ ಅರಬ್ಬರ ಊದ್ ಅನ್ನು ತಂದು ಕೂರಿಸಿದ ಮೊದಮೊದಲಿನವರಲ್ಲಿ ಒಬ್ಬರು ಅಹ್ಮದ್ ಅಬ್ದುಲ್-ಮಲಿಕ್. 1958ರಲ್ಲಿ ರಿವರ್‌ಸೈಡ್ ಕಂಪನಿಗಾಗಿ ಅವರು ಮುದ್ರಿಸಿದ 'ಜಾಝ್ ಸಹಾರಾ' ಈಗಲೂ ಕೇಳಲು ಸಿಗುತ್ತದೆ.

ಊದ್ ಗೊತ್ತಿಲ್ಲದವರಿಗೆ ಎರಡು ಮಾತು. ಸೀಳಿದ ಪೇರ್ ಹಣ್ಣಿನಂಥ ಹೊಟ್ಟೆ, ಗಿಡ್ಡ ಕತ್ತು, ಹಿಂದಕ್ಕೆ ಮುರಿದಂತಿರುವ ತಲೆ. 'ಅಲ್-ಊದ್' ಎಂದರೆ ಅರಬಿಯಲ್ಲಿ ಮರ. ಆ ಶಬ್ದವೇ ಯುರೋಪಿನಲ್ಲಿ ಸವೆದು 'ಲ್ಯೂಟ್' ಆಯಿತು. ಯುರೋಪಿನವರು ತಮ್ಮ ಲ್ಯೂಟಿಗೆ ಮೆಟ್ಟಿಲು ಕಟ್ಟಿಕೊಂಡರು. ಊದ್ ಮಾತ್ರ ನಮ್ಮ ಸರೋದಿನ ಹಾಗೆ ಮೆಟ್ಟಿಲಿಲ್ಲದೆ ಉಳಿಯಿತು. ಅರಬ್ ಮಕಾಮ್‌ಗಳ ಕೆಲವು ಸ್ವರಗಳು ಪಿಯಾನೊದ ಎರಡು ಪಕ್ಕದ ಕೀಲಿಗಳ ನಡುವೆ ಎಲ್ಲೋ ಇರುತ್ತವೆ. ಊದ್ ಮೇಲೆ ಬೆರಳು ಒಂದಿಷ್ಟು ಸರಿದರೆ ಸಾಕು, ಅವು ಸಿಗುತ್ತವೆ. ಪಿಯಾನೊದಲ್ಲಿ ಸಿಗುವುದಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹೇರಿದಾಗ ನಡೆದ ಜಗಳವೂ ಬಹುಪಾಲು ಇದೇ.

ಮಲಿಕ್ ಈ ತೊಡಕನ್ನು ಬಿಡಿಸಿದ ರೀತಿ ಸರಳ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಪಿಯಾನೊವನ್ನು ಸ್ಕೋಪಿನಿಂದಲೇ ಹೊರಗಿಟ್ಟರು. 'ಜಾಝ್ ಸಹಾರಾ'ದಲ್ಲಿ ಊದ್, ಕಾನೂನ್, ಅರಬ್ ಶೈಲಿಯ ಪಿಟೀಲು, ದರ್ಬುಕಾ, ದಫ್ ಇವೆ. ಜೊತೆಗೆ ಜಾನಿ ಗ್ರಿಫಿನ್‌ರ ಸ್ಯಾಕ್ಸ್, ಅಲ್ ಹೇರ್‌ವುಡ್‌ರ ಡ್ರಮ್ಸ್. ಊದ್ ನಾದ ಮೀಟಿದ ಕೂಡಲೇ ಕರಗುತ್ತದೆ, ಸ್ಯಾಕ್ಸಿನ ಹಾಗೆ ಉಸಿರು ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಎರಡೂ ಹೆಚ್ಚಾಗಿ ಸರದಿಯಲ್ಲಿ ಮಾತಾಡುತ್ತವೆ. ಎಲ್ಲ ಕಡೆ ಬೆಸುಗೆ ಕೂಡಿದೆ ಎಂದು ನಾನು ಹೇಳಲಾರೆ. ಕೆಲವೊಮ್ಮೆ ಗ್ರಿಫಿನ್, ಯಾರದೋ ಮದುವೆಗೆ ತಡವಾಗಿ ಬಂದ ನೆಂಟರಂತೆ ಕೇಳಿಸುತ್ತಾರೆ. ಆದರೆ ಅವರು ನುಡಿಸಲು ತೊಡಗಿದ ಮೇಲೆ ಕೆಳಗಿನ ತಾಳ ಅರಬ್ಬರದ್ದಾಗಿಯೇ ಉಳಿಯುವುದು ದೊಡ್ಡ ಧೈರ್ಯ.

ಯಾರು ಈ ಮಲಿಕ್? ಹುಟ್ಟಿದ್ದು 1927ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಕಸುಬಿನಿಂದ ಬಾಸ್ ವಾದಕ, ಅದೂ ಮೆಟ್ಟಿಲಿಲ್ಲದ ವಾದ್ಯವೇ. 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಥೆಲೋನಿಯಸ್ ಮಂಕ್ ಮತ್ತು ಜಾನ್ ಕೋಲ್ಟ್ರೇನ್ ಜೊತೆ ಬಾಸ್ ನುಡಿಸಿದವರು ಇವರೇ. ಆ ಕಛೇರಿಯ ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದ್ದು 2005ರಲ್ಲಿ. ತನ್ನ ತಂದೆ ಸೂಡಾನಿನವರು ಎಂದು ಮಲಿಕ್ ಹೇಳಿಕೊಳ್ಳುತ್ತಿದ್ದರು. ಬರೆಯುವವರೂ ಹಾಗೆಯೇ ಬರೆದರು. ಇತಿಹಾಸಕಾರ ರಾಬಿನ್ ಡಿ. ಜಿ. ಕೆಲ್ಲಿ 2012ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಬೇರೆಯೇ: ಹುಟ್ಟಿನ ಹೆಸರು ಜೊನಾಥನ್ ಟಿಮ್, ತಂದೆತಾಯಿ ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದಿಂದ ವಲಸೆ ಬಂದವರು. ಹುಡುಗ ಯೌವನದಲ್ಲಿ ಇಸ್ಲಾಂ ಸೇರಿ ಹೊಸ ಹೆಸರು ಪಡೆದಿದ್ದ.

ಇದನ್ನು ಬರೀ ಸುಳ್ಳು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೂಡಾನ್ 1956ರಲ್ಲಿ, ಘಾನಾ 1957ರಲ್ಲಿ ಸ್ವತಂತ್ರವಾಗಿದ್ದವು. ಅಮೆರಿಕದ ಕರಿಯ ಸಂಗೀತಗಾರರಿಗೆ ಆಫ್ರಿಕಾ ಎಂಬುದು ನಾಚಿಕೆ ಪಡಬೇಕಾದ ಹಳೆಯ ಕತೆಯಾಗಿ ಉಳಿಯದೆ, ಎದೆಯುಬ್ಬಿಸಿ ಹೇಳಿಕೊಳ್ಳುವ ವಿಳಾಸವಾಗುತ್ತಿದ್ದ ಕಾಲ ಅದು. ಊರು ಬಿಟ್ಟ ನಾವೂ 'ನಿಮ್ಮ ಕಡೆ ಯಾವುದು?' ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತೇವೆಯೇ? ಆದರೆ ವಂಶದ ಕತೆ ಕಟ್ಟಿದ್ದಾದರೂ ವಿದ್ಯೆ ಕಟ್ಟಿದ್ದಲ್ಲ. ಬ್ರೂಕ್ಲಿನ್ನಿನ ಅಟ್ಲಾಂಟಿಕ್ ಅವೆನ್ಯೂ ಸುತ್ತ ಸಿರಿಯಾ, ಲೆಬನಾನ್ ಮೂಲದವರ ಅಂಗಡಿ-ಮನೆಗಳಿದ್ದವು. ಮಲಿಕ್ ಬೆಳೆದದ್ದು ಆ ಸಂಗೀತದ ನೆರೆಯಲ್ಲಿ. 'ಜಾಝ್ ಸಹಾರಾ'ದ ಪಿಟೀಲು ವಾದಕ ನಯೀಮ್ ಕರಕಂದ್ ಹುಟ್ಟಿದ್ದು ಸಿರಿಯಾದ ಅಲೆಪ್ಪೊದಲ್ಲಿ. ಅಂಥವರು ಇವರ ಪಕ್ಕ ಕೂತು ನುಡಿಸಿದರು ಎಂಬುದೇ ನನ್ನ ಮಟ್ಟಿಗೆ ಸಾಕಷ್ಟು ಪುರಾವೆ.

1961ರ ನವೆಂಬರಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಕೋಲ್ಟ್ರೇನ್ 'ಇಂಡಿಯಾ' ನುಡಿಸಿದಾಗ ಶ್ರುತಿ ಹಿಡಿಯಲು ಕರೆದದ್ದೂ ಮಲಿಕ್‌ರನ್ನೇ. ಅವರ ಹೆಸರಿನ ಮುಂದೆ ಕೆಲವು ಆವೃತ್ತಿಗಳಲ್ಲಿ ಊದ್ ಎಂದಿದೆ, ಕೆಲವದರಲ್ಲಿ ತಂಬೂರ.

ಮುಂದೆ 1964ರ 'ಸ್ಪೆಲ್‌ಬೌಂಡ್'ನಲ್ಲಿ ಸಿನಿಮಾ ಹಾಡುಗಳು ಬಂದವು, ಪಿಯಾನೊವೂ ಬಂತು. ಮಲಿಕ್ ಬಾಸ್ ಹಿಡಿದರು. ಊದ್ ನುಡಿಸಿದವರು ಹಮ್ಜಾ ಎಲ್ ದೀನ್, ನೈಲ್ ದಡದ ತೋಷ್ಕಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಅಪ್ಪಟ ನೂಬಿಯನ್. ಆ ಹಳ್ಳಿ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು.