ಮಂಗಳೂರಿ ಕೌಲ: ಖಡಕಿಯ ಹಳೆಯ ಮನೆಗಳ ಒಂದು ಇತಿಹಾಸ

ಪುಣೆಯ ಉತ್ತರ ದಿಕ್ಕಿನಲ್ಲಿ, ಮುಳಾ ನದಿಯ ದಂಡೆಯ ಮೇಲಿರುವ ಖಡಕಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಒಂದೇ ದಿನದ ಕಾರಣದಿಂದ. 1817ರ ನವೆಂಬರ್ 5ರಂದು ಪೇಶ್ವೆ ಎರಡನೆಯ ಬಾಜೀರಾಯನ ಸೈನ್ಯವು ಬಾಪು ಗೋಖಲೆಯ ನೇತೃತ್ವದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಇಲ್ಲಿ ಎದುರಿಸಿತು. ಅದೇ ದಿನ ಮುಳಾ–ಮುಠಾ ಸಂಗಮದ ಬಳಿ ಇದ್ದ ರೆಸಿಡೆಂಟ್ ಎಲ್ಫಿನ್‌ಸ್ಟನ್ನನ ವಸತಿಗೆ ಬೆಂಕಿ ಬಿತ್ತು. ಕಾಳಗ ಆ ದಿನಕ್ಕೇ ಮುಗಿಯಿತು. ಆದರೆ ಅದರ ಬೆನ್ನಿಗೆ ಇಲ್ಲಿ ಬೀಡುಬಿಟ್ಟ ದಂಡು ಎರಡು ಶತಮಾನ ಕಳೆದರೂ ಕದಲಿಲ್ಲ. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂದಿತು. ಅದರ ಸುತ್ತ ಬ್ಯಾರಕ್ಕುಗಳು, ಅಧಿಕಾರಿಗಳ ಬಂಗಲೆಗಳು, ಇವೆಲ್ಲಕ್ಕೂ ಬೇಕಾದ ಗುಮಾಸ್ತರು, ಕುಶಲಕರ್ಮಿಗಳು, ವ್ಯಾಪಾರಿಗಳು ನೆಲೆಸುವ ಬಜಾರು ಬೆಳೆದವು.

ಬಂಗಲೆಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಬಂಗಾಳದ ಗುಡಿಸಲಿನಿಂದ ಹೊರಟ ಆ ಶಬ್ದವು ಇಂಗ್ಲಿಷಿಗೆ ಹೇಗೆ ಸೇರಿತೆಂಬುದನ್ನು 1886ರ ‘ಹಾಬ್ಸನ್-ಜಾಬ್ಸನ್’ ಶಬ್ದಕೋಶವೇ ವಿವರಿಸುತ್ತದೆ. ಬಜಾರಿನ ಸಣ್ಣ ಮನೆಗಳಿಗೆ ಅಂತಹ ಚರಿತ್ರಕಾರರು ದೊರೆತಿಲ್ಲ. ಕರಿಕಲ್ಲಿನ ಅಥವಾ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಸಾಗುವಾನಿಯ ತೊಲೆ, ಮೇಲೆ ಕೆಂಪು ಹೆಂಚು, ಹಿಂದೆ ನಾಲ್ಕು ಮಾರು ಅಂಗಳ: ಇಷ್ಟೇ ಅವುಗಳ ಸಂಪತ್ತು. ಇಂದು ಸಂಬಳದ ಆದಾಯದಲ್ಲಿ ಮೊದಲ ಮನೆ ಕೊಳ್ಳಬಯಸುವವನಿಗೆ ಕೈಗೆಟುಕುವವು ಇಂತಹ ಮನೆಗಳೇ. ಕೊಂಡೊಡನೆ ಅವನಿಗೆ ದೊರೆಯುವ ಮೊದಲ ಸಲಹೆಯೆಂದರೆ, ‘ಮಾಡು ಇಳಿಸಿ ಆರ್‌ಸಿಸಿ ಹಾಕಿಸಿ, ಇಲ್ಲವೇ ಶೀಟು ಹೊದಿಸಿ.’ ಈ ಸಲಹೆಯನ್ನು ಒಪ್ಪುವ ಮುನ್ನ ಆ ಮಾಡಿನ ಚರಿತ್ರೆಯನ್ನೊಮ್ಮೆ ತಿಳಿಯುವುದು ಒಳ್ಳೆಯದು. ಅದು ಕನ್ನಡ ನಾಡಿನ ಚರಿತ್ರೆಯೂ ಹೌದು.

ಖಡಕಿಯ ಮೇಸ್ತ್ರಿ ಈ ಹೆಂಚನ್ನು ‘ಮಂಗಳೂರಿ ಕೌಲ’ ಎನ್ನುತ್ತಾನೆ. ಮಂಗಳೂರನ್ನು ಕಣ್ಣಿನಿಂದ ಕಂಡಿರದವನ ಬಾಯಲ್ಲೂ ಆ ಊರಿನ ಹೆಸರು ಒಂದು ವಸ್ತುವಿನ ಹೆಸರಾಗಿ ನಿಂತಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡವರು ತಮ್ಮ ಜಾತಿಯ ಕಸುಬನ್ನೂ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಜೀವನೋಪಾಯ ಒದಗಿಸುವುದು ಮಿಷನ್ನಿಗೆ ಅನಿವಾರ್ಯವಾಯಿತು. ನೇಯ್ಗೆ, ಮುದ್ರಣಗಳ ಜೊತೆಗೆ ಹುಟ್ಟಿದ್ದು ಹೆಂಚಿನ ಉದ್ಯಮ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆಯನ್ನು ತೆರೆದನು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಘಟ್ಟದ ಕಟ್ಟಿಗೆ, ಹತ್ತಿರದ ಬಂದರು, ಮೂರೂ ಅಲ್ಲಿ ಕೂಡಿಬಂದವು. ಮುಂದೆ ಕುದ್ರೋಳಿ, ಮಲ್ಪೆ, ಕೋಯಿಕ್ಕೋಡುಗಳಲ್ಲಿ ಮಿಷನ್ನಿನ ಕಾರ್ಖಾನೆಗಳು ಎದ್ದವು. ಸ್ಥಳೀಯ ಉದ್ಯಮಿಗಳೂ ಬೇಗನೆ ಈ ಕಸುಬಿಗೆ ಇಳಿದರು.

ಈ ಹೆಂಚಿನ ವಿಶೇಷವಿರುವುದು ಅದರ ಅಂಚುಗಳಲ್ಲಿ. ಅದಕ್ಕೆ ಮುಂಚಿನ ನಾಡಹೆಂಚು ಕುಂಬಾರನ ತಿಗರಿಯಲ್ಲಿ ತಿರುಗಿ ಅರ್ಧಕ್ಕೆ ಸೀಳಿದ ಕೊಳವೆ. ಒಂದರ ಮೇಲೊಂದು ಸುಮ್ಮನೆ ಮಲಗಿರುತ್ತಿತ್ತು. ಗಾಳಿ, ಕೋತಿ, ಬೆಕ್ಕು ಯಾವುದು ಸುಳಿದರೂ ಅದು ಸರಿಯುತ್ತಿತ್ತು. ಆದ್ದರಿಂದ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಇಡೀ ಮಾಡನ್ನು ತಿರುವಿಹಾಕಬೇಕಾಗುತ್ತಿತ್ತು. ಮರಾಠಿಯಲ್ಲಿ ಈ ಕೆಲಸಕ್ಕೆ ‘ಶಾಕಾರಣೆ’ ಎಂಬ ಪ್ರತ್ಯೇಕ ಶಬ್ದವೇ ಇದೆ. ಮಂಗಳೂರು ಹೆಂಚಾದರೋ ಅಚ್ಚಿನಲ್ಲಿ ಒತ್ತಿದ ಚಪ್ಪಟೆ ಹೆಂಚು. ಅದರ ಒಂದು ಅಂಚಿನ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಕೂರುತ್ತದೆ. ಬೆನ್ನಿನ ಗುಬ್ಬಿ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಪರಸ್ಪರ ಹಿಡಿದುಕೊಳ್ಳುವ ಈ ವಿನ್ಯಾಸವನ್ನು 1841ರಲ್ಲಿ ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೊನಿ ಸಹೋದರರು ರೂಪಿಸಿದ್ದರು. ಬಾಸೆಲ್ ನಗರ ಆ ಪ್ರಾಂತದ ಗಡಿಗೆ ಹೊಂದಿಕೊಂಡಿದೆ ಎಂಬುದನ್ನು ನೆನೆದರೆ ಅದು ಮಂಗಳೂರನ್ನು ತಲುಪಿದ ದಾರಿಯನ್ನು ಊಹಿಸುವುದು ಕಷ್ಟವಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮುನ್ನ ಹೆಂಚು ಹೊರನಾಡಿಗೆ ಹೋಗುತ್ತಿದ್ದುದು ಸಮುದ್ರಮಾರ್ಗವಾಗಿ. ಮುಂಬಯಿಯಿಂದ ಪುಣೆಯವರೆಗಿನ ಹಾದಿಯನ್ನು ಭೋರ್ ಘಟ್ಟದ ರೈಲುಮಾರ್ಗವು 1863ರಲ್ಲೇ, ಎಂದರೆ ಜೆಪ್ಪುವಿನ ಕಾರ್ಖಾನೆ ಆರಂಭವಾಗುವುದಕ್ಕೆ ಎರಡು ವರ್ಷ ಮುನ್ನವೇ, ತೆರೆದಿತ್ತು. ದಂಡು ಕಟ್ಟಿಕೊಳ್ಳುತ್ತಿದ್ದ ಕಾಲಕ್ಕೆ ಸರಿಯಾಗಿ ಹೆಂಚೂ ಅದನ್ನು ತರುವ ದಾರಿಯೂ ಸಿದ್ಧವಾದವು.

ನಾವು ಕೊಂಡ ಮನೆಯ ಮಾಡಿನಲ್ಲಿ ಮೂರು ಬಗೆಯ ಮುದ್ರೆಗಳ ಹೆಂಚುಗಳು ದೊರೆತವು. ಇಂತಹ ಮುದ್ರೆಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಬಾಸೆಲ್ ಮಿಷನ್ನಿನ ಹೆಂಚಿನ ಮೇಲೆ ಕಾಣುವ ‘1865’ ಎಂಬ ಅಂಕಿಯನ್ನು ಅನೇಕರು ಮನೆ ಕಟ್ಟಿದ ವರ್ಷವೆಂದೇ ತಿಳಿಯುತ್ತಾರೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ದಶಕಗಳ ಕಾಲ ಅದೇ ಅಂಕಿಯನ್ನು ಒತ್ತುತ್ತಿದ್ದರು. ಹೆಂಚಿನ ಕಾಲವನ್ನು ತಿಳಿಯಲು ಹೆಸರೇ ಹೆಚ್ಚು ನೆರವಾಗುತ್ತದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರವು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಒಂದೇ ಮಾಡಿನಲ್ಲಿ ಎರಡೂ ಹೆಸರುಗಳಿದ್ದರೆ ಆ ಮಾಡು ನಡುವೆ ಎಂದೋ ದುರಸ್ತಿಗೊಂಡಿದೆ ಎಂದೇ ಅರ್ಥ. ಹಿಂದಿನ ಯಜಮಾನನೊಬ್ಬನು ಒಡೆದಷ್ಟನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಬಿಟ್ಟಿದ್ದಾನೆ.

ಅಲ್ಪ ಆದಾಯದ ಗೃಹಸ್ಥನಿಗೆ ಇಲ್ಲಿ ಒಂದು ಪಾಠವಿದೆ. ಹಳೆಯ ಮನೆಯು ತನ್ನ ಖರ್ಚನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೇಳುತ್ತದೆ. ನೂರು ಚದರಡಿ ಮಾಡಿಗೆ ಸುಮಾರು ನೂರೈವತ್ತು ಹೆಂಚು ಬೇಕು. ಆರುನೂರು ಚದರಡಿಯ ಮಾಡಿನಲ್ಲಿ ಹತ್ತಕ್ಕೊಂದು ಒಡೆದಿದ್ದರೂ ಕೊಳ್ಳಬೇಕಾದವು ತೊಂಬತ್ತು ಮಾತ್ರ. ಅವೂ ಕೆಡವಿದ ಮನೆಗಳಿಂದ ಅರ್ಧ ಬೆಲೆಗೆ ಸಿಗಬಹುದು. ಅಳತೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಒಂದು ಕಾರ್ಖಾನೆಯ ಹೆಂಚಿನ ಪಕ್ಕದಲ್ಲಿ ಇನ್ನೊಂದರ ಹೆಂಚು ಸಾಮಾನ್ಯವಾಗಿ ಕೂರುತ್ತದೆ, ಕೊಳ್ಳುವ ಮುನ್ನ ಒಂದನ್ನು ಇಟ್ಟು ನೋಡಿದರಾಯಿತು. ಸ್ವತಂತ್ರ ಭಾರತದ ಮಾನಕ ಸಂಸ್ಥೆಯೂ ‘ಮಂಗಳೂರು ಮಾದರಿ’ ಎಂಬ ಹೆಸರಿನಲ್ಲೇ ಈ ಹೆಂಚಿಗೆ ಐಎಸ್ 654 ಎಂಬ ಮಾನಕವನ್ನು ಗೊತ್ತುಪಡಿಸಿದೆ. ತೊಲೆಯ ತುದಿ ಕೊಳೆತಿದ್ದರೆ ಬಡಗಿಯು ಅಷ್ಟನ್ನು ಕತ್ತರಿಸಿ ಹೊಸ ತುಂಡನ್ನು ಬೆಸೆಯಬಲ್ಲ. ಆರ್‌ಸಿಸಿ ಹಲಗೆಯ ಸ್ವಭಾವ ಬೇರೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬತೊಡಗಿದರೆ ಖರ್ಚು ಒಮ್ಮೆಲೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಗೋಡೆಗಳ ಕಥೆಯೂ ಇದಕ್ಕೆ ಭಿನ್ನವಲ್ಲ. ಭಾರತದಲ್ಲಿ ಸಿಮೆಂಟಿನ ವಾಣಿಜ್ಯ ಉತ್ಪಾದನೆ ನೆಲೆಗೊಂಡದ್ದು 1914ರಲ್ಲಿ, ಪೋರಬಂದರಿನಲ್ಲಿ. ಅದಕ್ಕೆ ಹಿಂದಿನ ಮನೆಗಳೆಲ್ಲ ಪ್ರಾಯಶಃ ಸುಣ್ಣದವು. ಸುಣ್ಣದ ಗಾರೆಯನ್ನು ದುರ್ಬಲವೆಂದು ಭಾವಿಸುವವರು ಕನ್ನಂಬಾಡಿಯನ್ನು ನೆನೆಯಬೇಕು. 1911ರಲ್ಲಿ ಕೆಲಸ ಆರಂಭವಾದ ಆ ಅಣೆಕಟ್ಟನ್ನು ಕಟ್ಟಿದ್ದು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ. ಅದರ ಹಿಂದಿದ್ದ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಅವರ ಸ್ವಯಂಚಾಲಿತ ತೂಬುಗಳು ಮೊದಲು ಅಳವಟ್ಟದ್ದು ಇದೇ ಪುಣೆಯ ಸಮೀಪದ ಖಡಕವಾಸ್ಲಾ ಜಲಾಶಯದಲ್ಲಿ.

ಸುಣ್ಣದ ಗೋಡೆಯು ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಅದನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಹೊರದಾರಿ ಮುಚ್ಚಿದಂತಾಗಿ ತೇವ ಒಳಗೇ ಮೇಲೇರುತ್ತದೆ; ಉಪ್ಪು ಹೊಮ್ಮುತ್ತದೆ, ಬಣ್ಣ ಉದುರುತ್ತದೆ. ಖಡಕಿಯ ಎಷ್ಟೋ ಮನೆಗಳಲ್ಲಿ ಪ್ರತಿ ದೀಪಾವಳಿಗೂ ಬಣ್ಣ ಬಳಿದು ಪ್ರತಿ ಮಳೆಗಾಲಕ್ಕೂ ಅದನ್ನು ಕಳೆದುಕೊಳ್ಳುವುದಕ್ಕೆ ಇದೇ ಕಾರಣ. ನೆಲದಿಂದ ಮೂರು ನಾಲ್ಕು ಅಡಿಯವರೆಗೆ ಸಿಮೆಂಟನ್ನು ಕಿತ್ತು, ಗೋಡೆಯನ್ನು ಒಂದು ಬೇಸಗೆ ಒಣಗಲು ಬಿಟ್ಟು, ಮತ್ತೆ ಸುಣ್ಣದ ಗಾರೆಯನ್ನೇ ಮಾಡುವುದು ಇದಕ್ಕೆ ಪರಿಹಾರ. ಇಲ್ಲಿ ಹಣಕ್ಕಿಂತ ಹೆಚ್ಚು ಬೇಕಾಗುವುದು ಕಾಯುವ ಮನಸ್ಸು. ಆದ್ದರಿಂದ ಕೆಲಸದ ಕ್ರಮವೂ ಮುಖ್ಯ: ಮೊದಲು ಮಾಡು, ಬಳಿಕ ಮಳೆನೀರಿನ ಹೊರದಾರಿ, ಆಮೇಲೆ ಗೋಡೆ, ಎಲ್ಲಕ್ಕೂ ಕೊನೆಗೆ ಬಣ್ಣ.

ಸುಣ್ಣಕ್ಕೆ ಪುಣೆಯಲ್ಲಿ ಇನ್ನೊಂದು ನೆನಪೂ ಅಂಟಿಕೊಂಡಿದೆ. 1897ರ ಪ್ಲೇಗಿನಲ್ಲಿ ಮನೆಮನೆಗೆ ನುಗ್ಗಿದ ಅಧಿಕಾರಿಗಳು ಸಾಮಾನುಗಳನ್ನು ಹೊರಗೆಸೆದು ಗೋಡೆಗಳಿಗೆ ಸುಣ್ಣ ಬಳಿಸಿದರು. ಜನರ ಆಕ್ರೋಶ ಆ ವರ್ಷದ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲಿನ ಗುಂಡಿನ ದಾಳಿಯಲ್ಲಿ ಸ್ಫೋಟಿಸಿತು. ಸುಣ್ಣ ಕ್ರಿಮಿನಾಶಕವೆಂಬುದು ನಮ್ಮ ಅಜ್ಜಿಯಂದಿರಿಗೂ ತಿಳಿದಿತ್ತು. ಯುಗಾದಿಗೆ ತಾವೇ ಬಳಿಯುತ್ತಿದ್ದ ಸುಣ್ಣವನ್ನು ಪರರು ಬಲವಂತದಿಂದ ಬಳಿದಾಗ ಅದು ಅವಮಾನವಾಯಿತು.

ಇನ್ನು ಹಿತ್ತಲು. ಖಡಕಿಯ ಹೆಸರಿನಲ್ಲಿಯೇ ‘ಖಡಕ್’, ಎಂದರೆ ಬಂಡೆ, ಇದೆ. ಬಹಳಷ್ಟು ಕಡೆ ಒಂದೆರಡು ಅಡಿ ಅಗೆದರೆ ಮೊರಂ ಸಿಗುತ್ತದೆ. ಹೊರಗಿನಿಂದ ಹುಲ್ಲುಹಾಸು ತರಿಸಿ ನೀರುಣಿಸುವುದು ಇಂತಹ ನೆಲದಲ್ಲಿ ಸೋಲುವ ವ್ಯಾಪಾರ. ಹಳೆಯ ಹಿತ್ತಲುಗಳಲ್ಲಿ ಉಳಿದಿರುವ ಚಿಕ್ಕು, ಪಾರಿಜಾತ, ನುಗ್ಗೆ, ಕರಿಬೇವುಗಳು ಈ ನೆಲಕ್ಕೆ ಒಗ್ಗಿದವುಗಳ ಪಟ್ಟಿಯನ್ನು ನಮಗೆ ಪುಕ್ಕಟೆಯಾಗಿ ಕೊಡುತ್ತವೆ. ಇಲ್ಲಿಂದ ಕೂಗಳತೆಯ ಗಣೇಶಖಿಂಡದಲ್ಲಿ ಹತ್ತೊಂಬತ್ತನೆಯ ಶತಮಾನದ ಸಸ್ಯೋದ್ಯಾನವೊಂದಿತ್ತು. ಅದರ ಮೇಲ್ವಿಚಾರಕನಾಗಿದ್ದ ಮಾರ್ಷಲ್ ವುಡ್ರೋ ಭಾರತದ ತೋಟಗಾರಿಕೆಯ ಮೇಲೆ ಬರೆದ ಪುಸ್ತಕ ಹಲವು ಮುದ್ರಣಗಳನ್ನು ಕಂಡಿತು. ಆತನಿಗೂ ಎದುರಾದದ್ದು ಇದೇ ಮಣ್ಣು, ಇದೇ ನಾಲ್ಕು ತಿಂಗಳ ಮಳೆ. ನೆರೆಯವರ ಗಿಡದಿಂದ ತಂದ ಕಡ್ಡಿ, ಅಡಿಗೆಮನೆಯ ಸಿಪ್ಪೆಯ ಗೊಬ್ಬರ, ಎರಡು ಮಳೆಗಾಲಗಳ ತಾಳ್ಮೆ ಇದ್ದರೆ ಹಿತ್ತಲು ತಾನಾಗಿ ತುಂಬುತ್ತದೆ.

ಕೇಂದ್ರ ಸರ್ಕಾರದ ನೌಕರರಿಗೆ ಗೃಹ ನಿರ್ಮಾಣ ಮುಂಗಡ ಯೋಜನೆ ಬಂದದ್ದು 1956ರಲ್ಲಿ. 2017ರ ನಿಯಮಗಳಂತೆ ಹೊಸ ಮನೆಗೆ ಗರಿಷ್ಠ 25 ಲಕ್ಷ, ಇರುವ ಮನೆಯ ವಿಸ್ತರಣೆಗೆ ಗರಿಷ್ಠ 10 ಲಕ್ಷ ರೂಪಾಯಿ. ಎರಡಕ್ಕೂ 34 ತಿಂಗಳ ಮೂಲವೇತನದ ಮಿತಿಯುಂಟು. ಕಟ್ಟುವುದಕ್ಕೆ, ಹಿಗ್ಗಿಸುವುದಕ್ಕೆ ಎಂದು ಲೆಕ್ಕ ಇಟ್ಟಿರುವ ನಮ್ಮ ಕಾಲವು ಕಾಪಾಡುವುದಕ್ಕೆ ಅಷ್ಟು ಸುಲಭವಾಗಿ ಒಂದು ಶೀರ್ಷಿಕೆಯನ್ನು ತೆರೆಯುವುದಿಲ್ಲ. ದುರಸ್ತಿಯ ಹಣ ತಿಂಗಳ ಸಂಬಳದಿಂದಲೇ ಹೊರಡಬೇಕು.

ಅತ್ತ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಜೇಡಿಮಣ್ಣು ದುರ್ಲಭವಾಗಿದೆ, ಕಟ್ಟಿಗೆ ದುಬಾರಿಯಾಗಿದೆ. ಇತ್ತ ಖಡಕಿಯಲ್ಲಿ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳು ಮುದುಕರಾಗುತ್ತಿದ್ದಾರೆ. ಅವರ ಮಕ್ಕಳು ಟೈಲ್ಸ್ ಕೂರಿಸುವ ಕೆಲಸಕ್ಕೆ ಹೋಗುತ್ತಾರೆ; ಅದರಲ್ಲಿ ಕೂಲಿ ಹೆಚ್ಚು, ಅವರನ್ನು ದೂರುವಂತಿಲ್ಲ. ಆದರೆ ಒಂದು ಹಳೆಯ ಮಾಡು ಇಳಿದಾಗ ಅದನ್ನು ತಿರುವಿಹಾಕಬಲ್ಲ ಕೈಗಳಿಗೆ ಒಂದು ವರ್ಷದ ಕೆಲಸ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮುನ್ನ ತೊಂಬತ್ತು ಹೆಂಚು ಬದಲಿಸಲು ಅಂಥವನೊಬ್ಬನನ್ನು ಕರೆದರೆ ನಮ್ಮ ಮನೆಯ ಜೊತೆಗೆ ಅವನ ವಿದ್ಯೆಯೂ ಇನ್ನೊಂದು ವರ್ಷ ಉಳಿಯುತ್ತದೆ.